ಸಿಗ್ನಲ್ ಫುಲ್, ನೆಟ್ ನಿಲ್! ರೌಟರ್‌ಗಳಿಗೆ ದಾರಿಯ ಲೆಕ್ಕ ಕೊಟ್ಟ ಡೈಕ್‌ಸ್ಟ್ರಾ ಕಥೆ

ಮೊಬೈಲ್‌ನ ಮೂಲೆಯಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿ ನಿಂತಿವೆ. ಆದರೂ ಯುಪಿಐ ಹಣ ಹೋಗುತ್ತಿಲ್ಲ. ವಾಟ್ಸ್‌ಆ್ಯಪ್ ಸಂದೇಶದ ಪಕ್ಕದ ಗಡಿಯಾರದ ಗುರುತು ಕದಲುತ್ತಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದವರು ಒತ್ತಿಕೊಂಡೇ ನಿಂತಿದ್ದಾರೆ. ಗುಡೂರು, ಇಳಕಲ್ ಕಡೆಯ ನೇಕಾರರು ಸೀರೆಯ ಫೋಟೊ ಕಳಿಸಿ ವ್ಯಾಪಾರಿಯ ಉತ್ತರಕ್ಕೆ ಕಾಯುತ್ತಿದ್ದರೆ, ಆ ಫೋಟೊ ಊರು ದಾಟಿಯೇ ಇಲ್ಲ.

ಅಷ್ಟರಲ್ಲಿ ಮೂರು ಮಾತು ಹುಟ್ಟುತ್ತವೆ. ಟವರ್ ಕೆಟ್ಟಿದೆ. ಸಮುದ್ರದೊಳಗಿನ ಕೇಬಲ್ ತುಂಡಾಗಿದೆ. ಯಾರೋ ಹ್ಯಾಕ್ ಮಾಡಿದ್ದಾರೆ. ನೆಟ್ ಮರಳಿದ ಕೂಡಲೇ ಈ ಮೂರೂ ಫಾರ್ವರ್ಡ್ ಆಗಿ ಗ್ರೂಪಿಂದ ಗ್ರೂಪಿಗೆ ಓಡುತ್ತವೆ.

ಒಮ್ಮೊಮ್ಮೆ ಇವುಗಳಲ್ಲಿ ಒಂದು ನಿಜವೂ ಆಗಿರುತ್ತದೆ. ಆದರೆ ಟವರ್ ಸರಿಯಿದ್ದು, ಕೇಬಲ್ಲೂ ಸರಿಯಿದ್ದು, ನಡುವಿನ ಯಂತ್ರಗಳಿಗೆ ದಾರಿ ತಪ್ಪಿರುವ ಸಂದರ್ಭಗಳೂ ಇವೆ. ನಿಮ್ಮ ಸಂದೇಶವನ್ನು ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವ ಈ ಯಂತ್ರಗಳ ಹೆಸರು ರೌಟರ್. ಮನೆಯ ವೈಫೈ ಡಬ್ಬಿಯೂ ರೌಟರೇ. ಅದರ ದೊಡ್ಡಣ್ಣಂದಿರು ಟೆಲಿಕಾಂ ಕಂಪನಿಗಳ ಕೇಂದ್ರಗಳಲ್ಲಿ ಕುಳಿತಿರುತ್ತಾರೆ. ಯಾವ ದಾರಿ ಮುಚ್ಚಿದೆ, ಯಾವುದು ತೆರೆದಿದೆ ಎಂದು ಅವು ಒಂದಕ್ಕೊಂದು ತಿಳಿಸುತ್ತ, ಹೊಸ ದಾರಿಯನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತವೆ. ಇದಕ್ಕೆ ಡೈನಾಮಿಕ್ ರೌಟಿಂಗ್ ಎನ್ನುತ್ತಾರೆ.

ಆ ಲೆಕ್ಕ ಎಲ್ಲಿಂದ ಬಂತು? ಅದು ಕೆಡುವುದು ಎಲ್ಲಿ? ಎರಡಕ್ಕೂ ಉತ್ತರ ಬೇಕಿದ್ದರೆ ನೆದರ್‌ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಬದುಕನ್ನು ನೋಡಬೇಕು. ಇಂಗ್ಲಿಷಿನಲ್ಲಿ ಅವರ ಹೆಸರು ಬರೆಯುವಾಗ ನಡುವೆ ಜೆ ಅಕ್ಷರ ಬರುತ್ತದೆ. ಉಚ್ಚಾರ ಮಾತ್ರ ಡೈಕ್‌ಸ್ಟ್ರಾ.

ವಕೀಲನಾಗಬೇಕಿದ್ದ ಹುಡುಗ

ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ರಾಟರ್‌ಡ್ಯಾಮ್ ಎಂಬ ಬಂದರು ನಗರದಲ್ಲಿ. ತಂದೆ ರಸಾಯನ ವಿಜ್ಞಾನಿ. ತಾಯಿ ಗಣಿತ ಓದಿದವರು. ಉದ್ಯೋಗಕ್ಕೆ ಹೋಗದಿದ್ದರೂ ಗಣಿತವನ್ನು ಚೊಕ್ಕವಾಗಿ ಬಿಡಿಸುವುದರಲ್ಲಿ ಮಗನಿಗೆ ಅವರೇ ಮಾದರಿ. ಹುಡುಗನಿಗೆ ಹತ್ತು ವರ್ಷ ತುಂಬಿದ ಮೂರನೇ ದಿನ, 1940ರ ಮೇ 14ರಂದು, ಜರ್ಮನಿಯ ವಿಮಾನಗಳು ರಾಟರ್‌ಡ್ಯಾಮ್ ಮೇಲೆ ಬಾಂಬ್ ಸುರಿದವು. ಅವರ ಶಾಲೆಯ ದಿನಗಳು ಯುದ್ಧದ ದಿನಗಳೂ ಆಗಿದ್ದವು.

ಕಾನೂನು ಓದಬೇಕು, ವಿಶ್ವಸಂಸ್ಥೆಯಲ್ಲಿ ತನ್ನ ದೇಶವನ್ನು ಪ್ರತಿನಿಧಿಸಬೇಕು ಎಂಬುದು ಅವರ ಆಸೆಯಾಗಿತ್ತು. ಆದರೆ ಶಾಲೆಯ ಅಂಕಗಳು ವಿಜ್ಞಾನದ ಕಡೆ ಬೆರಳು ತೋರಿಸಿದವು. ಹಾಗಾಗಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರಕ್ಕೆ ಸೇರಿದರು. 1951ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮೂರು ವಾರಗಳ ಒಂದು ಕೋರ್ಸ್ ನಡೆಯಿತು. ವಿಷಯ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದು. ಅಲ್ಲಿಗೆ ಹೋಗಿ ಬಂದ ಮೇಲೆ ಅವರ ದಾರಿಯೇ ತಿರುಗಿತು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಕೆಲಸ ಶುರುವಾಯಿತು.

ಆದರೂ ಒಂದು ಅಳುಕು ಇತ್ತು. ಭೌತವಿಜ್ಞಾನಿ ಎಂದರೆ ಮರ್ಯಾದೆ ಉಂಟು. ಪ್ರೋಗ್ರಾಮರ್ ಎಂದರೆ ಯಾರಿಗೆ ಗೊತ್ತು? ಕಂಪ್ಯೂಟರ್ ಬಂದಾಗಿದೆ, ಇನ್ನು ಹೋಗುವುದಿಲ್ಲ, ಈ ಕೆಲಸಕ್ಕೆ ಶಿಸ್ತು ತರುವವರಲ್ಲಿ ನೀನೇ ಯಾಕೆ ಒಬ್ಬನಾಗಬಾರದು ಎಂದು ಅವರ ಹಿರಿಯರಾದ ವಾನ್ ವೈನ್‌ಗಾರ್ಡನ್ ಸಮಾಧಾನ ಹೇಳಿದರು. ಡೈಕ್‌ಸ್ಟ್ರಾ ಒಪ್ಪಿದರು. ಸರಕಾರಿ ಕಚೇರಿ ಒಪ್ಪಲಿಲ್ಲ! 1957ರಲ್ಲಿ ಮದುವೆಯ ನೋಂದಣಿ ಮಾಡಿಸುವಾಗ ವೃತ್ತಿ ಪ್ರೋಗ್ರಾಮರ್ ಎಂದು ಬರೆದರೆ, ಅಂಥ ವೃತ್ತಿಯೇ ಇಲ್ಲವೆಂದು ಅಧಿಕಾರಿಗಳು ತಿರಸ್ಕರಿಸಿದರು. ಕೊನೆಗೆ ಭೌತವಿಜ್ಞಾನಿ ಎಂದೇ ಬರೆಯಬೇಕಾಯಿತು.

ಒಂದು ಕಾಫಿ, ಇಪ್ಪತ್ತು ನಿಮಿಷ

ಮದುವೆಗೆ ಮುಂಚಿನ ವರ್ಷ, ಅಂದರೆ 1956. ಗಣಿತ ಕೇಂದ್ರದಲ್ಲಿ ಆರ್ಮ್ಯಾಕ್ ಎಂಬ ಹೊಸ ಕಂಪ್ಯೂಟರಿನ ಉದ್ಘಾಟನೆ ಆಗಬೇಕಿತ್ತು. ನೋಡಲು ಬರುವವರಲ್ಲಿ ಹೆಚ್ಚಿನವರಿಗೆ ಕಂಪ್ಯೂಟರ್ ಎಂದರೇನೆಂದು ಗೊತ್ತಿಲ್ಲ. ಪ್ರಶ್ನೆಯೂ ಉತ್ತರವೂ ಎಲ್ಲರಿಗೂ ಅರ್ಥವಾಗುವಂತಿರಬೇಕು. ಡೈಕ್‌ಸ್ಟ್ರಾ ಆರಿಸಿಕೊಂಡ ಪ್ರಶ್ನೆ ಇದು: ಒಂದು ಊರಿನಿಂದ ಇನ್ನೊಂದು ಊರಿಗೆ ಅತಿ ಹತ್ತಿರದ ದಾರಿ ಯಾವುದು?

ಒಂದು ದಿನ ಮದುವೆಯಾಗಲಿದ್ದ ಮರಿಯಾ ಅವರ ಜತೆ ಆಮ್‌ಸ್ಟರ್‌ಡ್ಯಾಮ್‌ನ ಅಂಗಡಿ ಬೀದಿ ಸುತ್ತಿ ಸುಸ್ತಾಗಿ, ಕೆಫೆಯೊಂದರ ಜಗುಲಿಯಲ್ಲಿ ಕಾಫಿಗೆ ಕುಳಿತರು. ಅಲ್ಲೇ ಸುಮಾರು ಇಪ್ಪತ್ತು ನಿಮಿಷದಲ್ಲಿ ಉತ್ತರ ಹೊಳೆಯಿತು. ಕೈಯಲ್ಲಿ ಪೆನ್ನೂ ಇಲ್ಲ, ಕಾಗದವೂ ಇಲ್ಲ. ಇಡೀ ಲೆಕ್ಕ ತಲೆಯೊಳಗೇ ಹಿಡಿಯಬೇಕಾಗಿದ್ದರಿಂದಲೇ ಅದು ಅಷ್ಟು ಸರಳವಾಗಿ ಬಂತೆಂದು ಅವರು ಮುಂದೆ ನೆನೆಯುತ್ತಿದ್ದರು. ಪ್ರದರ್ಶನದ ದಿನ ನೆದರ್‌ಲೆಂಡ್ಸ್‌ನ 64 ಊರುಗಳ ನಕ್ಷೆಯ ಮೇಲೆ ಆರ್ಮ್ಯಾಕ್ ದಾರಿ ಹುಡುಕಿ ತೋರಿಸಿತು. ಈ ವಿಧಾನ ಅಚ್ಚಾಗಿದ್ದು ಮಾತ್ರ ಮೂರು ವರ್ಷ ತಡವಾಗಿ, 1959ರಲ್ಲಿ, ಮೂರೇ ಪುಟಗಳ ಲೇಖನವಾಗಿ.

ಗುಡೂರಿನಿಂದ ಬಾದಾಮಿಗೆ ಲೆಕ್ಕ ಹಾಕೋಣ

ಅವರ ವಿಧಾನವನ್ನು ನಮ್ಮ ಕಡೆಯ ಊರುಗಳ ಹೆಸರಿನಲ್ಲೇ ನೋಡೋಣ. ಇಲ್ಲಿನ ದಾರಿಗಳೂ ನಿಮಿಷಗಳೂ ಲೆಕ್ಕಕ್ಕಾಗಿ ಹಿಡಿದವು ಅಷ್ಟೇ, ಬಸ್ಸಿನ ವೇಳಾಪಟ್ಟಿಯಲ್ಲ.

ಗುಡೂರಿನಿಂದ ಐಹೊಳೆಗೆ 20 ನಿಮಿಷ, ನೇರವಾಗಿ ಪಟ್ಟದಕಲ್ಲಿಗೆ 40 ನಿಮಿಷ ಎಂದುಕೊಳ್ಳಿ. ಐಹೊಳೆಯಿಂದ ಪಟ್ಟದಕಲ್ಲಿಗೆ 15, ಗುಳೇದಗುಡ್ಡಕ್ಕೆ 40. ಪಟ್ಟದಕಲ್ಲಿನಿಂದ ಬಾದಾಮಿಗೆ 30, ಗುಳೇದಗುಡ್ಡದಿಂದ ಬಾದಾಮಿಗೂ 30.

ಮೊದಲು ಗುಡೂರಿನಲ್ಲಿ ನಿಂತು ಕೈಗೆಟಕುವ ಊರುಗಳನ್ನು ಬರೆದುಕೊಳ್ಳಿ: ಐಹೊಳೆ 20, ಪಟ್ಟದಕಲ್ಲು 40. ಇವುಗಳಲ್ಲಿ ಚಿಕ್ಕದು ಐಹೊಳೆ. ಅದಕ್ಕೆ ಮುದ್ರೆ ಒತ್ತಿಬಿಡಿ. ಬೇರೆ ಯಾವ ಊರಿನ ಮೇಲಿಂದ ಹೋದರೂ ಐಹೊಳೆಗೆ 20ಕ್ಕಿಂತ ಬೇಗ ಮುಟ್ಟಲಾಗದು, ಯಾಕೆಂದರೆ ಉಳಿದ ಊರು ತಲುಪುವಷ್ಟರಲ್ಲೇ ಅದಕ್ಕಿಂತ ಹೆಚ್ಚು ಸಮಯ ಹೋಗಿರುತ್ತದೆ.

ಈಗ ಐಹೊಳೆಯಿಂದ ನೋಡಿ. ಪಟ್ಟದಕಲ್ಲಿಗೆ 20ಕ್ಕೆ 15 ಸೇರಿಸಿದರೆ 35. ಮೊದಲು ಬರೆದ 40ನ್ನು ಹೊಡೆದುಹಾಕಿ 35 ಬರೆಯಿರಿ. ಗುಳೇದಗುಡ್ಡ 60. ಉಳಿದವುಗಳಲ್ಲಿ ಚಿಕ್ಕದು ಪಟ್ಟದಕಲ್ಲು. ಅದಕ್ಕೂ ಮುದ್ರೆ. ಅಲ್ಲಿಂದ ಬಾದಾಮಿ 65. ಗುಳೇದಗುಡ್ಡದ ಮೇಲಿಂದ ಬಂದರೆ 90. ಉತ್ತರ 65. ದಾರಿ ಗುಡೂರು, ಐಹೊಳೆ, ಪಟ್ಟದಕಲ್ಲು, ಬಾದಾಮಿ.

ಅಷ್ಟೇ ವಿಧಾನ. ಪ್ರತಿಸಲವೂ ಇರುವುದರಲ್ಲಿ ಹತ್ತಿರದ್ದನ್ನು ಖಚಿತ ಮಾಡಿಕೊಳ್ಳುವುದು, ಅದರ ಮೂಲಕ ಉಳಿದವಕ್ಕೆ ಇನ್ನೂ ಹತ್ತಿರದ ದಾರಿ ಸಿಗುತ್ತದೆಯೇ ನೋಡುವುದು.

ಇನ್ನು ಮಳೆಗಾಲಕ್ಕೆ ಬನ್ನಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಅಂಥ ದಿನ ಪಟ್ಟದಕಲ್ಲಿನ ದಾರಿಯನ್ನು ನಕ್ಷೆಯಿಂದ ಅಳಿಸಿ ಮತ್ತೆ ಲೆಕ್ಕ ಹಾಕಿದರೆ ಗುಳೇದಗುಡ್ಡದ ಮೇಲಿನ 90 ನಿಮಿಷದ ದಾರಿ ಬರುತ್ತದೆ. ದೂರವಾದರೂ ಊರು ಮುಟ್ಟುತ್ತೀರಿ.

ಮೊಬೈಲ್‌ಗೆ ದಾರಿ ತೋರಿಸುವುದು ಉಪಗ್ರಹ ಎಂಬ ನಂಬಿಕೆಯೂ ಇದೆಯಲ್ಲ, ಅದು ಅರ್ಧ ಸತ್ಯ. ಉಪಗ್ರಹದ ಸಂಕೇತದಿಂದ ನೀವು ಎಲ್ಲಿದ್ದೀರಿ ಎಂಬುದಷ್ಟೇ ತಿಳಿಯುತ್ತದೆ. ಯಾವ ತಿರುವಿನಲ್ಲಿ ತಿರುಗಬೇಕೆಂದು ಹೇಳುವುದು ನಕ್ಷೆಯ ಮೇಲೆ ನಡೆಯುವ ಇಂಥದೇ ಲೆಕ್ಕ.

ಗಡ್ಡ, ರೈಲು ಸಿಗ್ನಲ್, ಟ್ಯೂರಿಂಗ್ ಪ್ರಶಸ್ತಿ

ಡೈಕ್‌ಸ್ಟ್ರಾ ಈ ಒಂದು ಲೆಕ್ಕಕ್ಕೆ ನಿಲ್ಲಲಿಲ್ಲ. 1960ರಲ್ಲಿ ಸಹೋದ್ಯೋಗಿ ಜಾನ್‌ವೆಲ್ಡ್ ಜತೆ ಸೇರಿ ಆಲ್ಗಾಲ್ 60 ಎಂಬ ಭಾಷೆಗೆ ಕಂಪೈಲರ್ ಬರೆದರು. ಅಂದರೆ ಮನುಷ್ಯ ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಮ್. ಕೆಲಸ ಮುಗಿಯುವ ತನಕ ಗಡ್ಡ ಬೋಳಿಸುವುದಿಲ್ಲ ಎಂದು ಇಬ್ಬರೂ ಪಣ ತೊಟ್ಟಿದ್ದರು. ಕೆಲಸ ಮುಗಿಯಿತು, ಜಾನ್‌ವೆಲ್ಡ್ ಬೋಳಿಸಿಕೊಂಡರು. ಡೈಕ್‌ಸ್ಟ್ರಾ ಗಡ್ಡ ಉಳಿಸಿಕೊಂಡರು.

1962ರಲ್ಲಿ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಒಂದೇ ಕಂಪ್ಯೂಟರಿನಲ್ಲಿ ಹಲವು ಕೆಲಸಗಳು ಒಟ್ಟಿಗೆ ನಡೆಯುವಾಗ ಒಂದಕ್ಕೊಂದು ಡಿಕ್ಕಿಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಅವರ ದೊಡ್ಡ ಪ್ರಶ್ನೆಯಾಯಿತು. ಅದಕ್ಕೆ ಅವರು ಕೊಟ್ಟ ಉಪಾಯದ ಹೆಸರು ಸೆಮಾಫೋರ್. ರೈಲು ಹಳಿಯ ಕೈಕಂಬಕ್ಕಿರುವ ಹೆಸರೇ ಅದು. ಕೈ ಇಳಿಯುವ ತನಕ ಎರಡನೇ ಗಾಡಿ ಕಾಯಬೇಕು. ನಿಮ್ಮ ಮೊಬೈಲ್ ಹಾಡು ನುಡಿಸುತ್ತಲೇ ಫೋಟೊ ಇಳಿಸಿಕೊಳ್ಳುವುದರ ಹಿಂದೆ ಇಂಥ ಕಾವಲು ಕೆಲಸ ಇದ್ದೇ ಇರುತ್ತದೆ.

ಪ್ರೋಗ್ರಾಮ್ ಬರೆದು, ಓಡಿಸಿ, ಕೆಟ್ಟಾಗ ತೇಪೆ ಹಾಕುವ ಪದ್ಧತಿಯನ್ನು ಅವರು ಒಪ್ಪುತ್ತಿರಲಿಲ್ಲ. ಪರೀಕ್ಷೆಯಿಂದ ತಪ್ಪು ಇದೆಯೆಂದು ತೋರಿಸಬಹುದು, ತಪ್ಪೇ ಇಲ್ಲವೆಂದು ತೋರಿಸಲಾಗದು ಎಂಬುದು ಅವರ ವಾದ. ಅದಕ್ಕಾಗಿ ಗಣಿತದಂತೆ ಯೋಚಿಸಿಯೇ ಬರೆಯಬೇಕು ಎಂದು ಹಟ ಹಿಡಿದರು. ಮಾತು ಖಾರ, ವಿರೋಧಿಗಳೂ ಬೇಕಾದಷ್ಟು. 1972ರಲ್ಲಿ ಕಂಪ್ಯೂಟರ್ ಲೋಕದ ಅತಿದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು.

ರೌಟರ್‌ಗಳ ಕೈಗೆ ಬಂದ ನಕ್ಷೆ

ಈ ನಡುವೆ ಅಮೆರಿಕದಲ್ಲಿ ಇಂಟರ್ನೆಟ್‌ನ ಹಿರಿಯಜ್ಜ ಹುಟ್ಟಿತ್ತು. 1969ರ ಅಕ್ಟೋಬರ್ 29ರಂದು ಎರಡು ಕಂಪ್ಯೂಟರುಗಳ ನಡುವೆ ಮೊದಲ ಸಂದೇಶ ಓಡಿದ ಆ ಜಾಲದ ಹೆಸರು ಆರ್ಪಾನೆಟ್.

ಅದರ ಮೊದಲ ರೌಟಿಂಗ್ ನಡೆಯುತ್ತಿದ್ದುದು ಪಕ್ಕದವರ ಮಾತಿನ ಮೇಲೆ. ಬಾದಾಮಿ ಎಷ್ಟು ದೂರ ಎಂದು ಐಹೊಳೆಯವರು ಗುಡೂರಿಗೆ ಹೇಳುತ್ತಾರೆ, ಗುಡೂರಿನವರು ಅದಕ್ಕೆ ತಮ್ಮ ದೂರ ಸೇರಿಸಿ ಇಳಕಲ್ಲಿಗೆ ಹೇಳುತ್ತಾರೆ. ಇಡೀ ನಕ್ಷೆ ಯಾರ ಬಳಿಯೂ ಇಲ್ಲ. ಎಲ್ಲವೂ ಸರಿಯಿದ್ದಾಗ ಇದು ಚೆನ್ನಾಗಿಯೇ ನಡೆಯುತ್ತದೆ. ದಾರಿ ಮುಚ್ಚಿದಾಗ ಕಷ್ಟ. ನನ್ನ ದಾರಿ ಹೋಯಿತು, ಆದರೆ ಗುಡೂರಿನವರು ದಾರಿ ಇದೆ ಎನ್ನುತ್ತಿದ್ದಾರಲ್ಲ ಎಂದು ಐಹೊಳೆ ಗುಡೂರಿನ ಕಡೆ ತಿರುಗುತ್ತದೆ. ಗುಡೂರು ಆ ಮಾತು ಕೇಳಿದ್ದೇ ಐಹೊಳೆಯಿಂದ! ಇಬ್ಬರೂ ಒಬ್ಬರನ್ನೊಬ್ಬರು ನಂಬಿ ದೂರವನ್ನು ಏರಿಸುತ್ತಲೇ ಹೋಗುತ್ತಾರೆ, ಸಂದೇಶ ಇಬ್ಬರ ನಡುವೆ ಚೆಂಡಿನಂತೆ ಪುಟಿಯುತ್ತದೆ. ಇದೇ ಬಗೆಯ ಆರ್‌ಐಪಿ ಎಂಬ ಹಳೆಯ ಪದ್ಧತಿಯಲ್ಲಿ 15 ಹೆಜ್ಜೆಗಿಂತ ದೂರದ್ದನ್ನು ತಲುಪಲಾಗದ ಊರೆಂದೇ ಎಣಿಸುತ್ತಾರೆ. ಆ ಏರಿಕೆಗೆ ಎಲ್ಲಾದರೂ ಕೊನೆ ಬೇಕಲ್ಲ.

1979ರಲ್ಲಿ ಆರ್ಪಾನೆಟ್ ಪದ್ಧತಿ ಬದಲಿಸಿತು. ಪ್ರತಿ ಕೇಂದ್ರವೂ ತನ್ನ ನೇರ ದಾರಿಗಳು ಹೇಗಿವೆ ಎಂಬುದನ್ನು ಮಾತ್ರ ಬರೆದು ಎಲ್ಲರಿಗೂ ಹಂಚಬೇಕು. ಹೀಗೆ ಎಲ್ಲರ ಕೈಗೂ ಪೂರ್ತಿ ನಕ್ಷೆ ಬರುತ್ತದೆ. ಆಮೇಲೆ ಪ್ರತಿಯೊಂದೂ ತನ್ನಲ್ಲೇ ಡೈಕ್‌ಸ್ಟ್ರಾ ಲೆಕ್ಕ ಹಾಕಿಕೊಳ್ಳುತ್ತದೆ. ಕೆಫೆಯ ಜಗುಲಿಯಲ್ಲಿ ಹುಟ್ಟಿದ ವಿಚಾರ ರೌಟರ್‌ಗಳ ಹೊಟ್ಟೆ ಸೇರಿದ್ದು ಹೀಗೆ. ಇಂದು ದೊಡ್ಡ ಜಾಲಗಳ ಒಳಗೆ ಓಡುವ ಒಎಸ್‌ಪಿಎಫ್, ಐಎಸ್-ಐಎಸ್ ಎಂಬ ಪದ್ಧತಿಗಳು ಇದೇ ಮನೆತನದವು.

ಮೂರು ಸುಳ್ಳು ಸಂದೇಶ, ಇಡೀ ಜಾಲ ಬಂದ್

ಲೆಕ್ಕ ಸರಿಯಿದ್ದರೆ ಸಾಕೇ? ಸಾಲದು ಎಂದು ಗೊತ್ತಾಗಿದ್ದು 1980ರ ಅಕ್ಟೋಬರ್ 27ರಂದು. ಆ ದಿನ ಆರ್ಪಾನೆಟ್ ಹಲವು ಗಂಟೆ ಕಾಲ ನಿಂತುಹೋಯಿತು.

ಕಾರಣ ಕೇಳಿದರೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳ ನೆನಪಾಗುತ್ತದೆ. ಕೇಂದ್ರಗಳು ಹಂಚುತ್ತಿದ್ದ ಪ್ರತಿ ಸಂದೇಶಕ್ಕೂ 0ಯಿಂದ 63ರವರೆಗೆ ಒಂದು ಕ್ರಮಸಂಖ್ಯೆ ಇರುತ್ತಿತ್ತು. 63 ಆದ ಮೇಲೆ ಮತ್ತೆ 0, ಗಡಿಯಾರದಲ್ಲಿ 12ರ ನಂತರ 1 ಬಂದ ಹಾಗೆ. ಹೊಸ ಸಂಖ್ಯೆಯ ಸಂದೇಶ ಬಂದರೆ ಹಳೆಯದನ್ನು ಬಿಟ್ಟು ಇದನ್ನು ಇಟ್ಟುಕೊ, ಪಕ್ಕದವರಿಗೆಲ್ಲ ಕಳಿಸು. ನಿಯಮ ಇಷ್ಟೇ.

ಅಂದು ಒಂದು ಯಂತ್ರದ ಮೆಮೊರಿ ಕೆಟ್ಟು, ಅಂಕಿಯೊಳಗಿನ ಬಿಟ್‌ಗಳು ಉದುರಿದವು. ಒಂದೇ ಕೇಂದ್ರದ ಸಂದೇಶ 44, 40, 8 ಎಂಬ ಮೂರು ಸಂಖ್ಯೆಗಳಲ್ಲಿ ಹೊರಬಿತ್ತು. ಜಾಲದ ನಿಯಮದ ಪ್ರಕಾರ 40ಕ್ಕಿಂತ 44 ಹೊಸದು. 8ಕ್ಕಿಂತ 40 ಹೊಸದು. ಸುತ್ತು ಹೊಡೆದು ಎಣಿಸಿದರೆ 44ಕ್ಕಿಂತ 8 ಹೊಸದು! ಮಕ್ಕಳ ಕಲ್ಲು-ಕಾಗದ-ಕತ್ತರಿ ಆಟದಂತೆ ಪ್ರತಿಯೊಂದೂ ಇನ್ನೊಂದನ್ನು ಸೋಲಿಸುತ್ತದೆ, ಆಟ ಮುಗಿಯುವುದೇ ಇಲ್ಲ. ಪ್ರತಿ ಕೇಂದ್ರವೂ ಈ ಮೂರನ್ನೂ ಹೊಸದೆಂದು ನಂಬಿ ಫಾರ್ವರ್ಡ್ ಮಾಡುತ್ತಲೇ ಹೋಯಿತು. ನಿಜವಾದ ಕೆಲಸಕ್ಕೆ ಜಾಗವೇ ಉಳಿಯಲಿಲ್ಲ.

ಒಂದು ಯಂತ್ರವನ್ನು ಆಫ್ ಮಾಡಿ ಆನ್ ಮಾಡಿದರೆ ಪ್ರಯೋಜನವಿಲ್ಲ. ಎದ್ದ ಕೂಡಲೇ ಪಕ್ಕದ ಯಂತ್ರ ಅದೇ ಕಸವನ್ನು ಮತ್ತೆ ತಲುಪಿಸುತ್ತದೆ. ಕೊನೆಗೆ ಆ ಕೇಂದ್ರದ ಹೆಸರಿನಲ್ಲಿ ಬರುವ ಸಂದೇಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ ಎಂದು ಎಲ್ಲ ಯಂತ್ರಗಳಿಗೂ ತಿದ್ದುಪಡಿ ಹಾಕಬೇಕಾಯಿತು.

ಆ ದಿನ ಡೈಕ್‌ಸ್ಟ್ರಾ ಲೆಕ್ಕ ಎಲ್ಲೂ ತಪ್ಪಲಿಲ್ಲ. ತಪ್ಪಿದ್ದು ಅದಕ್ಕೆ ಕೊಟ್ಟ ಸುದ್ದಿ. ರೌಟಿಂಗ್ ಸಮಸ್ಯೆ ಹುಡುಕುವವರು ಮೊದಲು ಕಲಿಯಬೇಕಾದ ಪಾಠ ಇದೇ. ಯಂತ್ರ ತಪ್ಪು ದಾರಿ ಹಿಡಿದಿದ್ದರೆ ಅದರ ಬುದ್ಧಿಗಿಂತ ಮುಂಚೆ ಅದರ ಕಿವಿಗೆ ಬಿದ್ದದ್ದೇನೆಂದು ನೋಡಬೇಕು.

ಮುಂದಿನ ಪದ್ಧತಿಗಳು ಈ ಪಾಠವನ್ನು ಮರೆಯಲಿಲ್ಲ. ಇಂದಿನ ಒಎಸ್‌ಪಿಎಫ್‌ನಲ್ಲಿ ಸಂದೇಶದ ಕ್ರಮಸಂಖ್ಯೆ ಸುತ್ತು ಹೊಡೆಯುವುದಿಲ್ಲ, ಒಂದೇ ದಿಕ್ಕಿಗೆ ಏರುತ್ತದೆ. ಸಂದೇಶದ ಒಳಗಿನ ಅಂಕಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಮೊತ್ತವೊಂದು ಅದರೊಟ್ಟಿಗೇ ಇರುತ್ತದೆ. ಜತೆಗೆ ಪ್ರತಿ ಸಂದೇಶಕ್ಕೂ ವಯಸ್ಸು ಉಂಟು: ಬರೆದವರು ಅರ್ಧ ಗಂಟೆಗೊಮ್ಮೆ ಹೊಸದಾಗಿ ಕಳಿಸಬೇಕು, ಇಲ್ಲವಾದರೆ ಒಂದು ಗಂಟೆಗೆ ಅದು ಸತ್ತಂತೆ.

ತಾನೇ ಸರಿಹೋಗುವ ಯಂತ್ರ

ಈ ಅನಾಹುತಕ್ಕೆ ಆರು ವರ್ಷ ಮುಂಚೆಯೇ ಡೈಕ್‌ಸ್ಟ್ರಾ ಇಂಥದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. 1974ರಲ್ಲಿ ಎರಡೇ ಪುಟಗಳಷ್ಟು ಪುಟ್ಟ ಲೇಖನ ಬರೆದರು. ಹಲವು ಯಂತ್ರಗಳು ಒಟ್ಟಿಗೆ ಕೆಲಸ ಮಾಡುತ್ತಿವೆ, ಮೇಸ್ತ್ರಿ ಯಾರೂ ಇಲ್ಲ, ಪ್ರತಿಯೊಂದಕ್ಕೂ ಪಕ್ಕದ ಯಂತ್ರ ಮಾತ್ರ ಕಾಣುತ್ತದೆ. ಹೇಗೋ ಎಲ್ಲವೂ ಗೊಂದಲಕ್ಕೆ ಬಿದ್ದವು ಎನ್ನಿ. ಹೊರಗಿನವರು ಕೈ ಹಾಕದೆ, ಎಂಥ ಗೊಂದಲದಿಂದಲೂ ತಾವಾಗಿಯೇ ಸರಿದಾರಿಗೆ ಮರಳುವಂತೆ ಅವುಗಳ ನಿಯಮವನ್ನು ಕಟ್ಟಬಹುದೇ? ಕಟ್ಟಬಹುದು ಎಂದು ಅವರು ತೋರಿಸಿಕೊಟ್ಟರು.

ಸುಮಾರು ಹತ್ತು ವರ್ಷ ಆ ಲೇಖನವನ್ನು ಹೆಚ್ಚಿನವರು ಗಮನಿಸಲೇ ಇಲ್ಲ. ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಅದರ ಮಹತ್ವವನ್ನು ಎತ್ತಿ ಹೇಳಿದ ಮೇಲೆ ಸಂಶೋಧನೆಯ ಒಂದು ಕವಲೇ ಬೆಳೆಯಿತು. ಕೆಟ್ಟಾಗ ಯಾರೋ ಬಂದು ರಿಪೇರಿ ಮಾಡುವ ಜಾಲಕ್ಕಿಂತ ತಾನೇ ಚೇತರಿಸಿಕೊಳ್ಳುವ ಜಾಲ ಒಳ್ಳೆಯದು ಎಂಬ ವಿಚಾರಕ್ಕೆ ಅಲ್ಲಿ ಗಟ್ಟಿ ಬುನಾದಿ ಬಿತ್ತು.

1973ರಿಂದ ಅವರು ಬರೋಸ್ ಎಂಬ ಕಂಪ್ಯೂಟರ್ ಕಂಪನಿಯ ಸಂಶೋಧಕರಾಗಿ ನ್ಯೂನೆನ್ ಎಂಬ ಊರಿನ ಮನೆಯಿಂದಲೇ ಕೆಲಸ ಮಾಡಿದರು. 1984ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ಗೆ ಹೋಗಿ 1999ರವರೆಗೆ ಪಾಠ ಹೇಳಿದರು. ಕಂಪ್ಯೂಟರ್ ವಿಜ್ಞಾನದ ಈ ದಿಗ್ಗಜ ತಮ್ಮ ಬರಹವನ್ನೆಲ್ಲ ಶಾಯಿ ಪೆನ್ನಿನಲ್ಲೇ ಬರೆಯುತ್ತಿದ್ದರು. ಮನೆಯಲ್ಲಿ ಟಿವಿ ಇರಲಿಲ್ಲ. ಪಿಯಾನೊ ಇತ್ತು, ಮೊಜಾರ್ಟ್ ಸಂಗೀತ ಇತ್ತು. ಮರಿಯಾ ಅವರೊಂದಿಗೆ ಅಮೆರಿಕದ ಕಾಡುಗಳನ್ನು ಸುತ್ತುತ್ತಿದ್ದ ವ್ಯಾನಿಗೆ ಟೂರಿಂಗ್ ಮಷೀನ್ ಎಂದು ಹೆಸರಿಟ್ಟಿದ್ದರು. ಕಂಪ್ಯೂಟರಿನ ಮೂಲ ಕಲ್ಪನೆಯಾದ ಟ್ಯೂರಿಂಗ್ ಮಷೀನ್ ಮೇಲಿನ ತಮಾಷೆ ಅದು.

ಅವರದ್ದೂ ಒಂದು ಫಾರ್ವರ್ಡ್ ಪದ್ಧತಿ ಇತ್ತು. ಹೊಳೆದ ವಿಚಾರವನ್ನು ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿ, ಕೆಲವೇ ಸ್ನೇಹಿತರಿಗೆ ಅಂಚೆಯಲ್ಲಿ ಕಳಿಸುವರು. ಅವರು ಮತ್ತೆ ಪ್ರತಿ ತೆಗೆದು ಇತರರಿಗೆ ಹಂಚುವರು. ಹೀಗೆ ಆ ಟಿಪ್ಪಣಿಗಳು ಜಗತ್ತು ಸುತ್ತಿದವು. ಒಟ್ಟು 1300ಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ಇಡಬ್ಲ್ಯುಡಿ ಎಂಬ ತಮ್ಮ ಹೆಸರಿನ ಮೊದಲಕ್ಷರ ಮತ್ತು ಕ್ರಮಸಂಖ್ಯೆ ಹಾಕುತ್ತಿದ್ದರು. ಬರೆದವರು ಯಾರು, ಎಷ್ಟನೆಯದು ಎಂಬ ಅನುಮಾನಕ್ಕೆ ಜಾಗವೇ ಇರಲಿಲ್ಲ.

ನೆಟ್ ನಿಂತಾಗ ಎಂಜಿನಿಯರ್ ಏನು ನೋಡುತ್ತಾರೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ರೌಟರ್‌ಗಳ ನಡುವೆ ದಾರಿ ತಪ್ಪಿದಾಗ ಅನುಭವಿ ಎಂಜಿನಿಯರ್ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬದಲಿಸುವುದಿಲ್ಲ. ಡೈಕ್‌ಸ್ಟ್ರಾ ಮೆಚ್ಚುವಂತೆ, ಒಂದೊಂದೇ ಮೆಟ್ಟಿಲು ಖಚಿತ ಮಾಡಿಕೊಂಡು ಮುಂದೆ ಹೋಗುತ್ತಾರೆ.

ಒಂದು, ನೆರೆಹೊರೆ. ಒಎಸ್‌ಪಿಎಫ್ ರೌಟರ್‌ಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಪಕ್ಕದವರಿಗೆ ಹಲೋ ಎನ್ನುತ್ತವೆ. 40 ಸೆಕೆಂಡ್ ಸದ್ದಿಲ್ಲದಿದ್ದರೆ ಪಕ್ಕದವರು ಸತ್ತರೆಂದು ತಿಳಿಯುತ್ತವೆ. ಎರಡೂ ಕಡೆ ಈ ಸಮಯ ಬೇರೆ ಬೇರೆ ಇಟ್ಟಿದ್ದರೆ, ಪಾಸ್‌ವರ್ಡ್ ಹೊಂದದಿದ್ದರೆ, ವಲಯದ ಸಂಖ್ಯೆ ತಪ್ಪಿದ್ದರೆ, ಕೇಬಲ್ ಸರಿಯಿದ್ದರೂ ಸ್ನೇಹ ಬೆಳೆಯುವುದಿಲ್ಲ.

ಎರಡು, ನಕ್ಷೆ. ಒಂದೇ ವಲಯದ ಎಲ್ಲ ರೌಟರ್‌ಗಳ ಬಳಿಯೂ ಒಂದೇ ನಕ್ಷೆ ಇರಬೇಕು. ಎರಡು ರೌಟರ್‌ಗಳಿಗೆ ಆಕಸ್ಮಿಕವಾಗಿ ಒಂದೇ ಗುರುತು ಸಂಖ್ಯೆ ಕೊಟ್ಟಿದ್ದರೆ ನಕ್ಷೆ ಕ್ಷಣಕ್ಕೊಂದು ರೂಪ ತಾಳುತ್ತದೆ.

ಮೂರು, ಅಲುಗಾಟ. ಸಡಿಲ ಕನೆಕ್ಟರ್‌ನಿಂದ ಒಂದು ಕೊಂಡಿ ಪದೇ ಪದೇ ಬಂದು ಹೋಗುತ್ತಿದ್ದರೆ ಪ್ರತಿಸಲವೂ ಲೆಕ್ಕ ಹೊಸದಾಗಿ ನಡೆಯಬೇಕು. ಪೂರ್ತಿ ಸತ್ತ ಕೇಬಲ್‌ಗಿಂತ ಅರೆಜೀವದ ಕೇಬಲ್ ಹೆಚ್ಚು ಕಾಡುತ್ತದೆ.

ನಾಲ್ಕು, ಸುತ್ತು. ಸಂದೇಶ ಎರಡು ರೌಟರ್‌ಗಳ ನಡುವೆ ಪುಟಿಯುತ್ತಿದ್ದರೆ ಟ್ರೇಸ್‌ರೂಟ್ ಎಂಬ ಪರೀಕ್ಷೆಯಲ್ಲಿ ಅವೇ ಎರಡು ವಿಳಾಸಗಳು ಸಾಲಾಗಿ ಕಾಣುತ್ತವೆ. ಪ್ರತಿ ಸಂದೇಶಕ್ಕೂ ಆಯುಸ್ಸಿನ ಅಂಕಿಯೊಂದಿದ್ದು, ಹೆಜ್ಜೆಗೊಂದರಂತೆ ಇಳಿದು ಸೊನ್ನೆಯಾದಾಗ ಸಂದೇಶವನ್ನು ಎಸೆಯುತ್ತಾರೆ. ಇಲ್ಲವಾದರೆ ಅದು ಸುತ್ತುತ್ತಲೇ ಇರುತ್ತಿತ್ತು.

ಐದು, ಬರುವ ದಾರಿ. ಹೋಗುವ ದಾರಿ ಚೆನ್ನಾಗಿದ್ದು, ಉತ್ತರ ಮರಳುವ ದಾರಿ ಇಲ್ಲದಿದ್ದರೂ ನಿಮಗೆ ಕಾಣುವುದು ಅದೇ: ನೆಟ್ ಇಲ್ಲ.

ಇಷ್ಟೆಲ್ಲ ಸರಿಯಿದ್ದರೂ ಒಂದು ಸಂಕಟ ಉಳಿಯುತ್ತದೆ. ಊರಿಗೆ ಬರುವ ಫೈಬರ್ ಒಂದೇ ಎಳೆಯಾಗಿದ್ದು, ಜೆಸಿಬಿ ಅದನ್ನು ಕಿತ್ತರೆ, ಎಂಥ ಲೆಕ್ಕವೂ ಇಲ್ಲದ ದಾರಿಯನ್ನು ಹುಡುಕಿಕೊಡಲಾರದು. ಅದಕ್ಕೇ 2023ರಲ್ಲಿ ಕೇಂದ್ರ ಸರಕಾರ ಒಪ್ಪಿದ ಪರಿಷ್ಕೃತ ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳನ್ನು ಉಂಗುರದಾಕಾರದ ಜಾಲದಲ್ಲಿ ಜೋಡಿಸುವ ಗುರಿ ಇದೆ. ಉಂಗುರ ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬರಬಹುದು. ಹಳ್ಳಿಯ ನೆಟ್‌ಗೆ ಬೇಕಾದದ್ದು ಬರೀ ವೇಗವಲ್ಲ, ಎರಡನೇ ದಾರಿ.

ಹಾಗಾದರೆ ಫಾರ್ವರ್ಡ್ ಮಾಡುವ ಮುಂಚೆ?

2021ರ ಅಕ್ಟೋಬರ್ 4ರ ರಾತ್ರಿ ಭಾರತದಲ್ಲಿ 9 ಗಂಟೆ ದಾಟಿದ ಮೇಲೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ನಿಂತವು. ಸುಮಾರು ಆರು ಗಂಟೆ ಕಾಲ ಜಗತ್ತೇ ಒದ್ದಾಡಿತು. ಹ್ಯಾಕ್ ಆಗಿದೆ ಎಂಬ ಗುಲ್ಲು ಎದ್ದಿತು. ಕಂಪನಿ ಕೊಟ್ಟ ವಿವರಣೆ ಬೇರೆಯೇ ಆಗಿತ್ತು. ನಿರ್ವಹಣೆಯ ವೇಳೆ ಕೊಟ್ಟ ಒಂದು ತಪ್ಪು ಆದೇಶದಿಂದ ಅವರ ಒಳಜಾಲ ಕಡಿದುಹೋಗಿತ್ತು. ಆ ಬೆನ್ನಿಗೇ, ಕಂಪನಿಯಿಂದ ಕಂಪನಿಗೆ ದಾರಿ ತಿಳಿಸುವ ಬಿಜಿಪಿ ಎಂಬ ಪದ್ಧತಿಯಲ್ಲಿ ಅವರ ವಿಳಾಸದ ಪುಸ್ತಕಕ್ಕೆ ಹೋಗುವ ದಾರಿಯ ಪ್ರಕಟಣೆಯೇ ಹಿಂದೆಗೆದಿತ್ತು. ಕಟ್ಟಡ ನಿಂತಿತ್ತು, ನಕ್ಷೆಯಿಂದ ಊರೇ ಮಾಯವಾಗಿತ್ತು.

ನಿಮ್ಮಲ್ಲಿ ನೆಟ್ ನಿಂತರೆ ನೀವೂ ಮೆಟ್ಟಿಲು ಮೆಟ್ಟಿಲಾಗಿ ನೋಡಬಹುದು. ಒಂದೇ ಆ್ಯಪ್ ನಿಂತಿದೆಯೇ, ಎಲ್ಲವೂ ನಿಂತಿವೆಯೇ? ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಬರುತ್ತದೆಯೇ? ಪಕ್ಕದವರ ಬೇರೆ ಕಂಪನಿಯ ಸಿಮ್‌ನಲ್ಲಿ ಇದೆಯೇ? ದೂರು ಕೊಡುವಾಗ ಇಷ್ಟನ್ನು, ನಿಂತ ಸಮಯದೊಂದಿಗೆ ಹೇಳಿದರೆ ಹುಡುಕುವವರ ಅರ್ಧ ಕೆಲಸ ಮುಗಿದಂತೆ. ಯುಪಿಐ ಹಣ ನಡುವೆ ಸಿಕ್ಕಿಕೊಂಡಿದ್ದರೆ ಖಾತೆ ನೋಡದೆ ಎರಡನೇ ಸಲ ಕಳಿಸಬೇಡಿ. ನಿಮ್ಮ ಆದೇಶ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ನಿಂತಿರಬಹುದು.

ಡೈಕ್‌ಸ್ಟ್ರಾ 2002ರ ಆರಂಭದಲ್ಲಿ ನ್ಯೂನೆನ್‌ನ ಮನೆಗೆ ಮರಳಿದರು. ಅದೇ ವರ್ಷ ಅವರ 1974ರ ಪುಟ್ಟ ಲೇಖನಕ್ಕೆ ಪ್ರಭಾವಿ ಸಂಶೋಧನೆಯ ಪ್ರಶಸ್ತಿ ಬಂತು. ಆಗಸ್ಟ್ 6ರಂದು, 72ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷ ಆ ಪ್ರಶಸ್ತಿಗೇ ಡೈಕ್‌ಸ್ಟ್ರಾ ಪ್ರಶಸ್ತಿ ಎಂದು ಹೆಸರಾಯಿತು.

ರೌಟರ್‌ಗಳು 1980ರಲ್ಲಿ ಪೆಟ್ಟು ತಿಂದು ಮೂರು ಪ್ರಶ್ನೆ ಕೇಳುವುದನ್ನು ಕಲಿತವು: ಈ ಸಂದೇಶ ಬರೆದವರು ಯಾರು, ಇದು ಎಷ್ಟು ಹಳೆಯದು, ದಾರಿಯಲ್ಲಿ ಯಾರಾದರೂ ಕೆಡಿಸಿದ್ದಾರೆಯೇ? ಮುಂದಿನ ಸಲ ಗ್ರೂಪಿಗೆ ಬಂದದ್ದನ್ನು ಮುಂದಕ್ಕೆ ತಳ್ಳುವ ಮುನ್ನ ನಾವೂ ಈ ಮೂರನ್ನೇ ಕೇಳಿಕೊಂಡರೆ ಸಾಕು.